ಬಳ್ಳಾರಿ ಲೋಕಸಭಾ ಕ್ಷೇತ್ರ: 'ಭದ್ರಕೋಟೆ' ಎಂಬ ಪರಿಕಲ್ಪನೆಯ ಮರುಪರಿಶೀಲನೆ (1952–2024)

1. ಪೀಠಿಕೆ

ಚುನಾವಣೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಷ್ಟ್ರವನ್ನೋ ರಾಜ್ಯವನ್ನೋ ಅಧ್ಯಯನದ ಘಟಕವನ್ನಾಗಿ ಇಟ್ಟುಕೊಳ್ಳುವುದು ರೂಢಿ. ಬಿಡಿ ಕ್ಷೇತ್ರವೊಂದರ ಚರಿತ್ರೆ ಈ ದೊಡ್ಡ ಕಥನದಲ್ಲಿ ಒಂದು ಸಾಲಾಗಿಯೋ ಅಡಿಟಿಪ್ಪಣಿಯಾಗಿಯೋ ಉಳಿದುಬಿಡುತ್ತದೆ. ಆ ಕ್ಷೇತ್ರದಲ್ಲಿ ಎಂದಾದರೂ ರಾಷ್ಟ್ರಮಟ್ಟದ ನಾಯಕರೊಬ್ಬರು ಸ್ಪರ್ಧಿಸಿದ್ದರೆ, ಉಳಿದೆಲ್ಲ ಚುನಾವಣೆಗಳೂ ಆ ಒಂದು ಚುನಾವಣೆಯ ನೆರಳಿನಲ್ಲಿ ಮರೆಯಾಗುತ್ತವೆ. 1978ರ ಉಪಚುನಾವಣೆಯ ಹೊರತಾಗಿ ಚಿಕ್ಕಮಗಳೂರು ಕ್ಷೇತ್ರವನ್ನು ನೆನೆಯುವವರು ವಿರಳ. 1999ರ ಚುನಾವಣೆಯ ಹೊರತಾಗಿ ಬಳ್ಳಾರಿ ಕ್ಷೇತ್ರವನ್ನು ಕುರಿತು ಬರೆದವರೂ ಅಷ್ಟೇ ವಿರಳ.

1952ರಿಂದ 2024ರವರೆಗೆ ಬಳ್ಳಾರಿ ಕ್ಷೇತ್ರದಲ್ಲಿ 18 ಸಾರ್ವತ್ರಿಕ ಚುನಾವಣೆಗಳೂ 2 ಉಪಚುನಾವಣೆಗಳೂ ನಡೆದಿವೆ. ಮೊದಲ 13 ಸಾರ್ವತ್ರಿಕ ಚುನಾವಣೆಗಳಲ್ಲಿಯೂ 2000ದ ಉಪಚುನಾವಣೆಯಲ್ಲಿಯೂ ಕಾಂಗ್ರೆಸ್ ಪಕ್ಷವೇ ಗೆದ್ದಿತು. ಸತತ 14 ಗೆಲುವುಗಳ ಈ ದಾಖಲೆಯೇ ಬಳ್ಳಾರಿಯನ್ನು 'ಕಾಂಗ್ರೆಸ್ಸಿನ ಭದ್ರಕೋಟೆ' ಎಂದು ಕರೆಯಲು ಆಧಾರವಾಯಿತು. 2004ರ ನಂತರ ಇದೇ ಕ್ಷೇತ್ರವನ್ನು ಭಾರತೀಯ ಜನತಾ ಪಕ್ಷದ ಭದ್ರಕೋಟೆಯೆಂದು ಕರೆದವರಿದ್ದಾರೆ. ಒಂದೇ ಊರು ಇಪ್ಪತ್ತು ವರ್ಷಗಳ ಅಂತರದಲ್ಲಿ ಎರಡು ವಿರುದ್ಧ ಪಕ್ಷಗಳ ಕೋಟೆಯಾಗುವುದಾದರೆ, ದೋಷವಿರುವುದು ಊರಿನಲ್ಲಿಯೋ ನಾವು ಬಳಸುವ ಪದದಲ್ಲಿಯೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಪ್ರಸ್ತುತ ಪ್ರಬಂಧವು ಈ ಪ್ರಶ್ನೆಯನ್ನು ಎತ್ತಿಕೊಂಡು, ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ನಾಲ್ಕು ನೆಲೆಗಳಲ್ಲಿ ಪರಿಶೀಲಿಸುತ್ತದೆ: ಗಡಿ ಮತ್ತು ಭಾಷೆ, ರಾಜ್ಯದ ಒಟ್ಟು ಒಲವಿನೊಡನೆ ಕ್ಷೇತ್ರದ ಸಂಬಂಧ, ಅಭ್ಯರ್ಥಿಗಳ ಸ್ಥಳೀಯತೆ, ಮತ್ತು ಅದಿರು ಹಾಗೂ ಮೀಸಲಾತಿಗಳು ತಂದ ಬದಲಾವಣೆ. 'ಭದ್ರಕೋಟೆ' ಎಂಬ ರೂಪಕವು ಮತದಾರನ ತೀರ್ಮಾನವನ್ನು ಅಭ್ಯಾಸವೆಂದು ತಪ್ಪಾಗಿ ಓದಿಸುತ್ತದೆ ಎಂಬುದು ಈ ಪ್ರಬಂಧದ ನಿಲುವು.

2. ಮದರಾಸಿನಿಂದ ಮೈಸೂರಿಗೆ

ಬಳ್ಳಾರಿ ಪ್ರದೇಶವನ್ನು 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 'ದತ್ತ ಮಂಡಲ'ವೆಂದು ಹೆಸರಾದ ಈ ಪ್ರದೇಶದ ಆಡಳಿತವನ್ನು ಮೊದಲು ವಹಿಸಿಕೊಂಡವನು ಥಾಮಸ್ ಮನ್ರೋ. ಅಂದಿನಿಂದ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬಳ್ಳಾರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. 1882ರಲ್ಲಿ ಅನಂತಪುರವು ಪ್ರತ್ಯೇಕ ಜಿಲ್ಲೆಯಾಯಿತು. ಘೋರ್ಪಡೆ ಅರಸರ ಸಂಡೂರು ಸಂಸ್ಥಾನವು 1949ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನಗೊಂಡು ಬಳ್ಳಾರಿ ಜಿಲ್ಲೆಗೆ ಸೇರಿತು. ಹೀಗೆ ಕನ್ನಡ ಮತ್ತು ತೆಲುಗುಗಳೆರಡೂ ಮನೆಮಾತಾಗಿದ್ದ, ಆಡಳಿತದಲ್ಲಿ ಮದರಾಸಿನ ಪದ್ಧತಿಗೆ ಒಗ್ಗಿದ್ದ ಜಿಲ್ಲೆಯೊಂದು ಪ್ರಥಮ ಸಾರ್ವತ್ರಿಕ ಚುನಾವಣೆಯನ್ನು ಎದುರಿಸಿತು.

1952ರಲ್ಲಿ ಮದರಾಸು ರಾಜ್ಯದ ಸದಸ್ಯರಾಗಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು ಸ್ವಾತಂತ್ರ್ಯ ಹೋರಾಟಗಾರ ಟೇಕೂರು ಸುಬ್ರಹ್ಮಣ್ಯಂ. ಆ ಲೋಕಸಭೆಯ ಅವಧಿ ಮುಗಿಯುವ ಮೊದಲೇ ಅವರ ಮತದಾರರ ರಾಜ್ಯ ಬದಲಾಯಿತು. ಆಂಧ್ರ ರಾಜ್ಯ ರಚನೆಯ ವಿಷಯವಾಗಿ ನ್ಯಾಯಮೂರ್ತಿ ಕೆ. ಎನ್. ವಾಂಛೂ ಅವರು ವರದಿ ನೀಡಿದ ಮೇಲೆ, ಜಿಲ್ಲೆಯ ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಬೇಕೆಂದೂ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಬೇಕೆಂದೂ ನಿರ್ಧಾರವಾಯಿತು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆ ಮಾತ್ರ ಉಳಿಯಿತು. ಅದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವರದಿಯ ಆಧಾರದ ಮೇಲೆ ಆ ತಾಲ್ಲೂಕೂ ಮೈಸೂರಿಗೆ ಬಂದಿತು. 1953ರ ಅಕ್ಟೋಬರ್ 1ರಂದು ಈ ಸೇರ್ಪಡೆ ಜಾರಿಯಾಯಿತು. ಇದು ಶಾಂತವಾಗಿ ನಡೆದ ಆಡಳಿತ ಬದಲಾವಣೆಯಾಗಿರಲಿಲ್ಲ. ಸೇರ್ಪಡೆಯ ಸಂಭ್ರಮದ ಸಿದ್ಧತೆಯಲ್ಲಿದ್ದಾಗ ದಾಳಿಗೆ ಗುರಿಯಾಗಿ ಪ್ರಾಣತೆತ್ತ ಪಿಂಜಾರ ರಂಜಾನ್ ಸಾಬ್ ಅವರನ್ನು ಕರ್ನಾಟಕ ಏಕೀಕರಣದ ಹುತಾತ್ಮರೆಂದು ನಾಡು ಸ್ಮರಿಸುತ್ತದೆ.

ಪ್ರಶ್ನೆ ಅಲ್ಲಿಗೂ ಮುಗಿಯಲಿಲ್ಲ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ತನ್ನ ವರದಿಯಲ್ಲಿ, ತುಂಗಭದ್ರಾ ಯೋಜನೆಯ ಹಿತದೃಷ್ಟಿಯಿಂದ ಬಳ್ಳಾರಿ ಮತ್ತು ಹೊಸಪೇಟೆ ತಾಲ್ಲೂಕುಗಳೂ ಸೇರಿದಂತೆ ಜಿಲ್ಲೆಯ ಒಂದು ಭಾಗವನ್ನು ಆಂಧ್ರಕ್ಕೆ ವರ್ಗಾಯಿಸಬೇಕೆಂದು ಶಿಫಾರಸು ಮಾಡಿತು. ತೀವ್ರ ವಿರೋಧದ ನಡುವೆ ಆ ಶಿಫಾರಸು ಕೈಬಿಟ್ಟುಹೋಯಿತು. 1956ರ ನವೆಂಬರ್ 1ರಂದು ಬಳ್ಳಾರಿ ವಿಶಾಲ ಮೈಸೂರಿನಲ್ಲಿಯೇ ಉಳಿಯಿತು. ಅಂದರೆ ಮೊದಲ ಮತ್ತು ಎರಡನೆಯ ಸಾರ್ವತ್ರಿಕ ಚುನಾವಣೆಗಳ ನಡುವಿನ ಐದು ವರ್ಷಗಳಲ್ಲಿ ಬಳ್ಳಾರಿಯ ಮತದಾರ ತಾನು ಯಾವ ರಾಜ್ಯದವನೆಂಬ ಪ್ರಶ್ನೆಗೆ ಎರಡು ಸಲ ಉತ್ತರಕ್ಕಾಗಿ ಕಾಯಬೇಕಾಯಿತು.

1957 ಮತ್ತು 1962ರಲ್ಲಿಯೂ ಟೇಕೂರು ಸುಬ್ರಹ್ಮಣ್ಯಂ ಅವರೇ ಗೆದ್ದರು. ಈ ಮೂರು ಗೆಲುವುಗಳನ್ನು ಒಂದೇ ಪಕ್ಷದ ಮೂರು ಗೆಲುವುಗಳೆಂದು ಎಣಿಸುವುದು ಸುಲಭ. ಆದರೆ 1952ರ ಮತವು ಮದರಾಸು ರಾಜ್ಯದೊಳಗಿನ ದ್ವಿಭಾಷಾ ಜಿಲ್ಲೆಯೊಂದರ ಮತ. 1957ರದು ಭಾಷೆಯ ಆಧಾರದ ಮೇಲೆ ಹೊಸದಾಗಿ ಕೂಡಿಬಂದ ರಾಜ್ಯವೊಂದರ ಗಡಿಜಿಲ್ಲೆಯ ಮತ. ಅಭ್ಯರ್ಥಿ ಒಬ್ಬರೇ ಆಗಿದ್ದರೂ ಮತದ ಸಂದರ್ಭ ಬೇರೆಯಾಗಿತ್ತೆಂಬುದನ್ನು ಗಮನಿಸಬೇಕು.

3. 'ಭದ್ರಕೋಟೆ' ಎಂಬ ಮಾತಿನ ಪರಿಶೀಲನೆ

ಒಂದು ಕ್ಷೇತ್ರವು ಯಾವುದೋ ಪಕ್ಷದ ಭದ್ರಕೋಟೆಯೆಂದು ಹೇಳಬೇಕಾದರೆ ಆ ಪಕ್ಷವು ಅಲ್ಲಿ ಪದೇಪದೇ ಗೆದ್ದಿತೆಂಬ ಒಂದೇ ಕಾರಣ ಸಾಲದು. ಸುತ್ತಲೂ ಸೋತಾಗಲೂ ಅಲ್ಲಿ ಗೆದ್ದಿತೇ ಎಂಬುದನ್ನು ನೋಡಬೇಕು. ಈ ದೃಷ್ಟಿಯಿಂದ ಸಾರ್ವತ್ರಿಕ ಚುನಾವಣೆಗಳಲ್ಲಿ ಬಳ್ಳಾರಿಯಿಂದ ಗೆದ್ದವರ ಹೆಸರನ್ನೂ, ಅದೇ ಚುನಾವಣೆಯಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಪಡೆದ ಸ್ಥಾನಗಳನ್ನೂ ಇಲ್ಲಿ ಜೊತೆಯಾಗಿ ಕೊಡಲಾಗಿದೆ.

1952 – ಟೇಕೂರು ಸುಬ್ರಹ್ಮಣ್ಯಂ, ಕಾಂಗ್ರೆಸ್ – ಮದರಾಸು ರಾಜ್ಯದ 75ರಲ್ಲಿ 35
1957 – ಟೇಕೂರು ಸುಬ್ರಹ್ಮಣ್ಯಂ, ಕಾಂಗ್ರೆಸ್ – ಮೈಸೂರು ರಾಜ್ಯದ 26ರಲ್ಲಿ 23
1962 – ಟೇಕೂರು ಸುಬ್ರಹ್ಮಣ್ಯಂ, ಕಾಂಗ್ರೆಸ್ – 26ರಲ್ಲಿ 25
1967 – ವಿ. ಕೆ. ಆರ್. ವಿ. ರಾವ್, ಕಾಂಗ್ರೆಸ್ – 27ರಲ್ಲಿ 18
1971 – ವಿ. ಕೆ. ಆರ್. ವಿ. ರಾವ್, ಕಾಂಗ್ರೆಸ್ – 27ರಲ್ಲಿ 27
1977 – ಕೆ. ಎಸ್. ವೀರಭದ್ರಪ್ಪ, ಕಾಂಗ್ರೆಸ್ – ಕರ್ನಾಟಕದ 28ರಲ್ಲಿ 26
1980 – ಆರ್. ವೈ. ಘೋರ್ಪಡೆ, ಕಾಂಗ್ರೆಸ್ (ಐ) – 28ರಲ್ಲಿ 27
1984 – ಬಸವರಾಜೇಶ್ವರಿ, ಕಾಂಗ್ರೆಸ್ – 28ರಲ್ಲಿ 24
1989 – ಬಸವರಾಜೇಶ್ವರಿ, ಕಾಂಗ್ರೆಸ್ – 28ರಲ್ಲಿ 27
1991 – ಬಸವರಾಜೇಶ್ವರಿ, ಕಾಂಗ್ರೆಸ್ – 28ರಲ್ಲಿ 23
1996 – ಕೆ. ಸಿ. ಕೊಂಡಯ್ಯ, ಕಾಂಗ್ರೆಸ್ – 28ರಲ್ಲಿ 5
1998 – ಕೆ. ಸಿ. ಕೊಂಡಯ್ಯ, ಕಾಂಗ್ರೆಸ್ – 28ರಲ್ಲಿ 9
1999 – ಸೋನಿಯಾ ಗಾಂಧಿ, ಕಾಂಗ್ರೆಸ್ – 28ರಲ್ಲಿ 18
2004 – ಜಿ. ಕರುಣಾಕರ ರೆಡ್ಡಿ, ಭಾಜಪ – 28ರಲ್ಲಿ 8
2009 – ಜೆ. ಶಾಂತಾ, ಭಾಜಪ – 28ರಲ್ಲಿ 6
2014 – ಬಿ. ಶ್ರೀರಾಮುಲು, ಭಾಜಪ – 28ರಲ್ಲಿ 9
2019 – ವೈ. ದೇವೇಂದ್ರಪ್ಪ, ಭಾಜಪ – 28ರಲ್ಲಿ 1
2024 – ಇ. ತುಕಾರಾಂ, ಕಾಂಗ್ರೆಸ್ – 28ರಲ್ಲಿ 9

ಈ ಪಟ್ಟಿಯನ್ನು ಓದಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. 1971ರಿಂದ 1991ರವರೆಗಿನ ಆರು ಚುನಾವಣೆಗಳಲ್ಲಿ ರಾಜ್ಯದ ಬಹುತೇಕ ಎಲ್ಲ ಕ್ಷೇತ್ರಗಳೂ ಕಾಂಗ್ರೆಸ್ಸಿನ ಕಡೆಗಿದ್ದವು. ಉತ್ತರ ಭಾರತದಲ್ಲಿ ಆ ಪಕ್ಷ ನೆಲಕಚ್ಚಿದ 1977ರಲ್ಲಿಯೂ ಕರ್ನಾಟಕವು 26 ಸ್ಥಾನಗಳನ್ನು ಕೊಟ್ಟಿತು. ಆ ಕಾಲದಲ್ಲಿ ಬಳ್ಳಾರಿ ಕಾಂಗ್ರೆಸ್ಸನ್ನು ಗೆಲ್ಲಿಸಿದ್ದು ಬಳ್ಳಾರಿಯ ವೈಶಿಷ್ಟ್ಯವಲ್ಲ. ಕರ್ನಾಟಕದ ಸಾಮಾನ್ಯ ನಡೆ. 27 ಕ್ಷೇತ್ರಗಳೂ ಕೋಟೆಗಳಾದಾಗ ಕೋಟೆಯೆಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಬಳ್ಳಾರಿ ರಾಜ್ಯದ ಒಲವಿಗೆ ಎದುರಾಗಿ ನಿಂತದ್ದು ಯಾವಾಗ? ಮೂರನೆಯ ಒಂದು ಭಾಗದಷ್ಟು ಸ್ಥಾನಗಳನ್ನು ಕಾಂಗ್ರೆಸ್ ಕಳೆದುಕೊಂಡ 1967ರಲ್ಲಿ ಅದು ಆ ಪಕ್ಷದ ಜೊತೆಗಿತ್ತು. ಆದರೆ ನಿಜವಾದ ಅಪವಾದಗಳು 1996 ಮತ್ತು 1998. 1996ರಲ್ಲಿ ಜನತಾದಳವು 16 ಸ್ಥಾನ ಗಳಿಸಿ ಕಾಂಗ್ರೆಸ್ 5ಕ್ಕೆ ಇಳಿದಾಗ ಆ ಐದರಲ್ಲಿ ಬಳ್ಳಾರಿಯೂ ಒಂದಾಗಿತ್ತು. ರಾಮಕೃಷ್ಣ ಹೆಗಡೆಯವರ ಲೋಕಶಕ್ತಿ ಮತ್ತು ಭಾಜಪ ಮೈತ್ರಿಕೂಟವು 16 ಸ್ಥಾನಗಳನ್ನು ಗೆದ್ದ 1998ರಲ್ಲಿಯೂ ಬಳ್ಳಾರಿ ಬದಲಾಗಲಿಲ್ಲ. ಆದುದರಿಂದ 'ಅರ್ಧ ಶತಮಾನದ ಭದ್ರಕೋಟೆ' ಎಂಬ ಪ್ರಸಿದ್ಧ ಹೇಳಿಕೆಯು ವಾಸ್ತವವಾಗಿ ಆಧರಿಸಿ ನಿಂತಿರುವುದು ಎರಡು ವರ್ಷಗಳ ಅಂತರದಲ್ಲಿ ನಡೆದ ಈ ಎರಡು ಚುನಾವಣೆಗಳ ಮೇಲೆ. 1999ರಲ್ಲಿ ಸುರಕ್ಷಿತ ಕ್ಷೇತ್ರವನ್ನು ಅರಸುತ್ತಿದ್ದ ಪಕ್ಷಕ್ಕೆ ಬಳ್ಳಾರಿ ಕಣ್ಣಿಗೆ ಬಿದ್ದುದಕ್ಕೆ ಹಿಂದಿನ ಐವತ್ತು ವರ್ಷಗಳಿಗಿಂತ ಹಿಂದಿನ ಮೂರು ವರ್ಷಗಳೇ ಹತ್ತಿರದ ಕಾರಣವಾಗಿರಬೇಕೆಂದು ಭಾವಿಸಬಹುದು.

4. ಒಳಗಿನವರು ಮತ್ತು ಹೊರಗಿನವರು

ಬಳ್ಳಾರಿಯ ಚುನಾವಣಾ ಚರಿತ್ರೆಯಲ್ಲಿ ಎದ್ದುಕಾಣುವ ಇನ್ನೊಂದು ಲಕ್ಷಣ, ಕ್ಷೇತ್ರದ ಹೊರಗಿನಿಂದ ಬಂದ ಅಭ್ಯರ್ಥಿಗಳ ಪರಂಪರೆ. ಇದು 1999ರಲ್ಲಿ ಆರಂಭವಾದುದಲ್ಲ. 1967ರಲ್ಲಿ ಟೇಕೂರು ಸುಬ್ರಹ್ಮಣ್ಯಂ ಅವರ ಸ್ಥಾನಕ್ಕೆ ಬಂದವರು ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್. ಕಾಂಚೀಪುರದಲ್ಲಿ ಜನಿಸಿ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸಂಸ್ಥೆಯನ್ನು ಕಟ್ಟಿ, ಯೋಜನಾ ಆಯೋಗದ ಸದಸ್ಯರಾಗಿದ್ದ ಅವರ ಕಾರ್ಯಕ್ಷೇತ್ರ ಅಲ್ಲಿಯವರೆಗೆ ವಿದ್ವತ್ತಿನ ಲೋಕವಾಗಿತ್ತು. ಬಳ್ಳಾರಿಯಿಂದ ಆಯ್ಕೆಯಾದ ಮೇಲೆ ಅವರು ಕೇಂದ್ರದಲ್ಲಿ ಸಾರಿಗೆ ಮತ್ತು ಹಡಗು ಖಾತೆಯನ್ನೂ 1969ರಿಂದ ಶಿಕ್ಷಣ ಖಾತೆಯನ್ನೂ ನಿರ್ವಹಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ ಸ್ಥಾಪನೆಯಾದುದು ಅವರಿಂದ. ನಾಡಿನ ಸಮಾಜವಿಜ್ಞಾನ ಸಂಶೋಧನೆಯ ಇತಿಹಾಸದಲ್ಲಿ ಬಳ್ಳಾರಿಯ ಮತದಾರರಿಗೂ ಈ ನೆಲೆಯಲ್ಲಿ ಒಂದು ಪರೋಕ್ಷ ಸ್ಥಾನವಿದೆ.

ರಾವ್ ಅವರ ನಂತರ ಕ್ಷೇತ್ರವು ಸ್ಥಳೀಯ ಮುಖಗಳ ಕಡೆಗೆ ತಿರುಗಿತು. 1980ರಲ್ಲಿ ಸಂಡೂರಿನ ಘೋರ್ಪಡೆ ಮನೆತನದ ಆರ್. ವೈ. ಘೋರ್ಪಡೆ ಗೆದ್ದರು. 1984ರಿಂದ ಬಸವರಾಜೇಶ್ವರಿಯವರು ಸತತ ಮೂರು ಅವಧಿಗೆ ಆಯ್ಕೆಯಾಗಿ, ಪಿ. ವಿ. ನರಸಿಂಹರಾವ್ ಅವರ ಸರ್ಕಾರದಲ್ಲಿ ರಾಜ್ಯ ಸಚಿವೆಯೂ ಆದರು. ಒಬ್ಬ ಮಹಿಳೆಯನ್ನು ಮೂರು ಸಲ ಲೋಕಸಭೆಗೆ ಕಳುಹಿಸಿದ ಕ್ಷೇತ್ರಗಳು ಕರ್ನಾಟಕದಲ್ಲಿ ವಿರಳ. 1999ರಲ್ಲಿ ಇಬ್ಬರು ಮಹಿಳೆಯರ ನಡುವೆ ನಡೆದ ಸ್ಪರ್ಧೆಯನ್ನು ಪತ್ರಿಕೆಗಳು ಅಪೂರ್ವವೆಂದು ಬಣ್ಣಿಸಿದವು. ಆದರೆ ಹಿಂದಿನ ಹದಿನೈದು ವರ್ಷಗಳಲ್ಲಿ ಹನ್ನೆರಡು ವರ್ಷ ಮಹಿಳೆಯೊಬ್ಬರೇ ಬಳ್ಳಾರಿಯನ್ನು ಪ್ರತಿನಿಧಿಸಿದ್ದರು. 2009ರ ಜೆ. ಶಾಂತಾ ಅವರ ಗೆಲುವನ್ನೂ ಸೇರಿಸಿದರೆ, 18 ಸಾರ್ವತ್ರಿಕ ಚುನಾವಣೆಗಳ ಪೈಕಿ 5ರಲ್ಲಿ ಇಲ್ಲಿ ಮಹಿಳೆಯರು ಜಯಗಳಿಸಿದಂತಾಗುತ್ತದೆ.

5. 1999ರ ಚುನಾವಣೆ ಮತ್ತು ಅದರ ಮರುವರ್ಷ

1999ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷೆ ಸೋನಿಯಾ ಗಾಂಧಿಯವರು ಉತ್ತರ ಪ್ರದೇಶದ ಅಮೇಠಿಯ ಜೊತೆಗೆ ಬಳ್ಳಾರಿಯಿಂದಲೂ ನಾಮಪತ್ರ ಸಲ್ಲಿಸಿದರು. ಕೊನೆಯ ಗಳಿಗೆಯವರೆಗೆ ಗುಟ್ಟಾಗಿದ್ದ ಈ ನಿರ್ಧಾರಕ್ಕೆ ಉತ್ತರವಾಗಿ ಭಾಜಪವು ಸುಷ್ಮಾ ಸ್ವರಾಜ್ ಅವರನ್ನು ಕಣಕ್ಕಿಳಿಸಿತು. ಅದು ಸೋನಿಯಾ ಗಾಂಧಿಯವರ ಮೊದಲ ಚುನಾವಣೆ; ಅವರ ಜನ್ಮದೇಶದ ಪ್ರಶ್ನೆಯೇ ಪ್ರಚಾರದ ಮುಖ್ಯ ವಿಷಯವಾಯಿತು. ಸುಷ್ಮಾ ಸ್ವರಾಜ್ ಅವರು ಕೆಲವೇ ದಿನಗಳಲ್ಲಿ ಕನ್ನಡವನ್ನು ಕಲಿತು ಸಭೆಗಳಲ್ಲಿ ಮಾತನಾಡಿದುದು ಜನರ ನೆನಪಿನಲ್ಲಿ ಉಳಿದಿದೆ. ದೇಶದ ಪತ್ರಕರ್ತರೆಲ್ಲ ಬಳ್ಳಾರಿಗೆ ಬಂದರು. ಬಳ್ಳಾರಿಯ ಬಿಸಿಲು, ಧೂಳು, ಬಡತನಗಳು ಕೆಲವು ವಾರಗಳ ಕಾಲ ರಾಷ್ಟ್ರೀಯ ಸುದ್ದಿಯಾದವು.

ಫಲಿತಾಂಶದಲ್ಲಿ ಸೋನಿಯಾ ಗಾಂಧಿಯವರು 4,14,650 ಮತಗಳನ್ನೂ ಸುಷ್ಮಾ ಸ್ವರಾಜ್ ಅವರು 3,58,550 ಮತಗಳನ್ನೂ ಪಡೆದರು. ಅಂತರ 56,100. ಪ್ರಧಾನಿ ಪಟ್ಟದ ಆಕಾಂಕ್ಷಿಯೊಬ್ಬರು 'ಭದ್ರಕೋಟೆ'ಯೊಂದರಲ್ಲಿ ಪಡೆಯಬೇಕಾದ ಅಂತರ ಇದಲ್ಲ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ವಿರುದ್ಧ ಪಡೆದ ಅಂತರವು 77,333 ಆಗಿತ್ತು. ಎರಡು ದಶಕಗಳಲ್ಲಿ ಮತದಾರರ ಸಂಖ್ಯೆ ಎಷ್ಟು ಬೆಳೆದಿತ್ತೆಂಬುದನ್ನು ಗಣನೆಗೆ ತೆಗೆದುಕೊಂಡರೆ 1999ರ ಗೆಲುವು ಇನ್ನೂ ಚಿಕ್ಕದಾಗಿ ಕಾಣುತ್ತದೆ. ಅದೇ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ 18 ಲೋಕಸಭಾ ಸ್ಥಾನಗಳನ್ನು ಗೆದ್ದು, ವಿಧಾನಸಭೆಯಲ್ಲಿಯೂ ಬಹುಮತ ಪಡೆದಿತ್ತು. ಮೂರೂವರೆ ಲಕ್ಷಕ್ಕೂ ಹೆಚ್ಚು ಮತಗಳು ಭಾಜಪಕ್ಕೆ ಬಂದುದು, ಅದುವರೆಗೆ ಅಲ್ಲಿ ಗೆಲುವನ್ನೇ ಕಾಣದಿದ್ದ ಪಕ್ಷವೊಂದಕ್ಕೆ ನೆಲೆ ಸಿಕ್ಕಿತೆಂಬುದರ ಸೂಚನೆಯಾಗಿತ್ತು.

ಎರಡು ಕ್ಷೇತ್ರಗಳಲ್ಲಿ ಗೆದ್ದವರು ಒಂದನ್ನು ನಿಗದಿತ ಅವಧಿಯೊಳಗೆ ಬಿಟ್ಟುಕೊಡಬೇಕೆಂಬುದು ಪ್ರಜಾಪ್ರತಿನಿಧಿ ಕಾಯಿದೆಯ ನಿಯಮ. ಸೋನಿಯಾ ಗಾಂಧಿಯವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ತೆರವು ಮಾಡಿದರು. ಇದರಲ್ಲಿ ಕಾನೂನಿನ ಉಲ್ಲಂಘನೆಯೇನೂ ಇರಲಿಲ್ಲ. ಆದರೂ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮತವು ಪ್ರತಿನಿಧಿಯೊಬ್ಬರನ್ನು ಆರಿಸಿದ ಕೂಡಲೇ ಆ ಪ್ರತಿನಿಧಿಯನ್ನು ಕಳೆದುಕೊಂಡಿತೆಂಬ ಸಂಗತಿಯನ್ನು ಇತಿಹಾಸಕಾರನು ಹಗುರವಾಗಿ ದಾಟಿಹೋಗಲಾರನು. 2000ದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೋಳೂರು ಬಸವನಗೌಡರು ಗೆದ್ದರು. ಅದೇ ಆ ಸರಣಿಯ ಕೊನೆಯ ಗೆಲುವು. ಇತ್ತ, ಸೋತ ಸುಷ್ಮಾ ಸ್ವರಾಜ್ ಅವರು ಮುಂದೆ ಹಲವು ವರ್ಷಗಳ ಕಾಲ ವರಮಹಾಲಕ್ಷ್ಮಿ ಪೂಜೆಗೆ ಬಳ್ಳಾರಿಗೆ ತಪ್ಪದೆ ಬರುತ್ತಿದ್ದರು. ಗೆದ್ದವರು ಕ್ಷೇತ್ರವನ್ನು ಬಿಟ್ಟುದೂ ಸೋತವರು ವರ್ಷವರ್ಷ ಬಂದುದೂ ಮತದಾನದ ಮೇಲೆ ಎಷ್ಟು ಪರಿಣಾಮ ಬೀರಿದವೆಂದು ಅಂಕಿಗಳಿಂದ ಅಳೆಯಲಾಗದು. 2004ರಲ್ಲಿ ಸೋಲು ಗೆಲುವುಗಳು ಅದಲುಬದಲಾದವು ಎಂಬುದಷ್ಟೇ ದಾಖಲೆಯಲ್ಲಿ ಉಳಿದಿರುವ ಸತ್ಯ.

6. ಅದಿರಿನ ದಶಕ

ಬಳ್ಳಾರಿಯ ನೆಲದಲ್ಲಿ ಕಬ್ಬಿಣದ ಅದಿರು ಹೊಸದಲ್ಲ. ಸಂಡೂರಿನ ಬೆಟ್ಟಗಳಲ್ಲಿ ಖಾಸಗಿ ಗಣಿಗಾರಿಕೆ ಸ್ವಾತಂತ್ರ್ಯದ ಮೊದಲ ದಶಕದಿಂದಲೇ ನಡೆದಿತ್ತು; ಸಾರ್ವಜನಿಕ ವಲಯದ ದೋಣಿಮಲೈ ಗಣಿ 1970ರ ದಶಕದಲ್ಲಿ ಆರಂಭವಾಯಿತು. ಆದರೆ 1993ರ ರಾಷ್ಟ್ರೀಯ ಖನಿಜ ನೀತಿಯು ಖಾಸಗಿಯವರಿಗೆ ಬಾಗಿಲನ್ನು ಇನ್ನಷ್ಟು ತೆರೆಯಿತು. 2000ದ ನಂತರ ಚೀನಾದ ಉಕ್ಕಿನ ಬೇಡಿಕೆಯಿಂದ ಅದಿರಿನ ಬೆಲೆ ಹಲವು ಪಟ್ಟು ಏರಿತು. ತುಂಗಭದ್ರೆಯ ನೀರು ಮತ್ತು ಭತ್ತದ ಗದ್ದೆಗಳು ಒಂದು ಕಡೆ, ಮಳೆಯಾಶ್ರಯದ ಜೋಳದ ಹೊಲಗಳು ಇನ್ನೊಂದು ಕಡೆ ಇದ್ದ ಜಿಲ್ಲೆಯ ಅರ್ಥವ್ಯವಸ್ಥೆಯಲ್ಲಿ ಲಾರಿ, ಡಿಪೊ, ಪರ್ಮಿಟ್ಟುಗಳ ಹೊಸ ಲೋಕವೊಂದು ಹುಟ್ಟಿಕೊಂಡಿತು.

2004ರಲ್ಲಿ ಜಿ. ಕರುಣಾಕರ ರೆಡ್ಡಿಯವರ ಗೆಲುವು ಈ ಹಿನ್ನೆಲೆಯಲ್ಲಿ ಬಂದಿತು. ಆದರೆ ಅದನ್ನು ಕೇವಲ ಅದಿರಿನ ಹಣದ ಗೆಲುವೆಂದು ವಿವರಿಸುವುದು ಅಪೂರ್ಣ. ಆ ವರ್ಷ ರಾಜ್ಯದ 28 ಸ್ಥಾನಗಳಲ್ಲಿ 18ನ್ನು ಭಾಜಪ ಗೆದ್ದಿತ್ತು; ಅದಿರಿಲ್ಲದ ಜಿಲ್ಲೆಗಳೂ ಅದೇ ದಾರಿ ಹಿಡಿದಿದ್ದವು. 1999ರಲ್ಲಿ ದೊರೆತ ನೆಲೆ, ರಾಜ್ಯದ ಒಟ್ಟು ಒಲವು ಮತ್ತು ಹೊಸ ಸಂಪತ್ತು ಈ ಮೂರೂ ಒಂದೆಡೆ ಕೂಡಿದವೆಂದು ಹೇಳುವುದೇ ಸರಿಯಾದೀತು. 2008ರಲ್ಲಿ ರಾಜ್ಯದಲ್ಲಿ ಭಾಜಪ ಸರ್ಕಾರ ರಚನೆಯಾದಾಗ ಕರುಣಾಕರ ರೆಡ್ಡಿ, ಅವರ ಸೋದರ ಜಿ. ಜನಾರ್ದನ ರೆಡ್ಡಿ ಮತ್ತು ಬಿ. ಶ್ರೀರಾಮುಲು ಮೂವರೂ ಸಚಿವರಾದರು.

ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಬಗ್ಗೆ 2008ರ ಡಿಸೆಂಬರ್‌ನಲ್ಲಿಯೂ 2011ರ ಜುಲೈನಲ್ಲಿಯೂ ವರದಿಗಳನ್ನು ಸಲ್ಲಿಸಿದರು. 2010ರಲ್ಲಿ ಆಗಿನ ವಿರೋಧಪಕ್ಷದ ನಾಯಕ ಸಿದ್ದರಾಮಯ್ಯನವರ ನೇತೃತ್ವದಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ನಡೆಯಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನ ತೀರ್ಪಿನಲ್ಲಿ ತೀವ್ರ ಉಲ್ಲಂಘನೆಯ ಗುತ್ತಿಗೆಗಳು ರದ್ದಾಗಿ, ಉಳಿದವುಗಳಿಗೆ ಉತ್ಪಾದನೆಯ ಮಿತಿಯೊಡನೆ ಅವಕಾಶ ದೊರೆಯಿತು. ಚುನಾವಣಾ ಚರಿತ್ರೆಯ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದುದು ಇಷ್ಟು: ಅದಿರಿನ ವ್ಯಾಪಾರ ಉಚ್ಛ್ರಾಯದಲ್ಲಿದ್ದ 2009ರಲ್ಲಿಯೇ ಬಳ್ಳಾರಿಯಲ್ಲಿ ಭಾಜಪದ ಅಂತರ 2,243 ಮತಗಳಿಗೆ ಕುಸಿದಿತ್ತು. ಆ ಚುನಾವಣೆಯಲ್ಲಿ ಭಾಜಪವು ರಾಜ್ಯದಲ್ಲಿ 19 ಸ್ಥಾನಗಳನ್ನು ಗೆದ್ದಿತ್ತು; ರಾಜ್ಯದ ಅಧಿಕಾರವೂ ಅದರ ಕೈಯಲ್ಲಿತ್ತು. ಹಣ ಮತ್ತು ಅಧಿಕಾರಗಳೆರಡೂ ಕೂಡಿದಾಗಲೂ ಕ್ಷೇತ್ರದ ಅರ್ಧದಷ್ಟು ಮತದಾರರು ಅತ್ತ ವಾಲಲಿಲ್ಲವೆಂಬುದು 'ಹಣದಿಂದ ಕೊಂಡ ಕ್ಷೇತ್ರ' ಎಂಬ ಸರಳ ತೀರ್ಮಾನವನ್ನು ಪ್ರಶ್ನಿಸುತ್ತದೆ.

7. ಮೀಸಲು ಕ್ಷೇತ್ರವಾದ ನಂತರ

2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯು ಬಳ್ಳಾರಿಯನ್ನು ಪರಿಶಿಷ್ಟ ಪಂಗಡಗಳಿಗೆ ಮೀಸಲಿಟ್ಟಿತು. ರಾಯಚೂರಿನೊಡನೆ ಇದು ಕರ್ನಾಟಕದ ಎರಡು ಪರಿಶಿಷ್ಟ ಪಂಗಡ ಮೀಸಲು ಕ್ಷೇತ್ರಗಳಲ್ಲಿ ಒಂದು. ನಾಯಕ ಸಮುದಾಯದ ಪರ್ಯಾಯ ಹೆಸರುಗಳಾದ ಬೇಡ, ವಾಲ್ಮೀಕಿ ಮುಂತಾದವು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸೇರಿದುದು ಈ ಬೆಳವಣಿಗೆಯ ಹಿಂದಿನ ಮುಖ್ಯ ಘಟ್ಟ. ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ವಿಜಯನಗರ, ಕಂಪ್ಲಿ, ಬಳ್ಳಾರಿ ಗ್ರಾಮೀಣ, ಬಳ್ಳಾರಿ ನಗರ, ಸಂಡೂರು ಮತ್ತು ಕೂಡ್ಲಿಗಿ ಈ ಎಂಟು ವಿಧಾನಸಭಾ ಕ್ಷೇತ್ರಗಳು ಅದರ ವ್ಯಾಪ್ತಿಗೆ ಬಂದವು. ಇವುಗಳಲ್ಲಿ ನಾಲ್ಕು ಪರಿಶಿಷ್ಟ ಪಂಗಡಗಳಿಗೂ ಎರಡು ಪರಿಶಿಷ್ಟ ಜಾತಿಗಳಿಗೂ ಮೀಸಲು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕೊಪ್ಪಳ ಕ್ಷೇತ್ರದಲ್ಲಿದೆ. ಹರಪನಹಳ್ಳಿ ದಾವಣಗೆರೆ ಕ್ಷೇತ್ರದಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಬಳ್ಳಾರಿ ಲೋಕಸಭಾ ಕ್ಷೇತ್ರವು ಎರಡು ಜಿಲ್ಲೆಗಳಲ್ಲಿ ಹರಡಿಕೊಂಡಂತಾಯಿತು. ಹೀಗಾಗಿ 1952ರ ಬಳ್ಳಾರಿ, 1999ರ ಬಳ್ಳಾರಿ ಮತ್ತು 2024ರ ಬಳ್ಳಾರಿ ಇವುಗಳಿಗೆ ಹೆಸರೊಂದೇ ಸಮಾನ. ಇವುಗಳ ಮತಪ್ರಮಾಣವನ್ನು ಒಂದೇ ರೇಖೆಯಲ್ಲಿ ಜೋಡಿಸಿ ತೀರ್ಮಾನಕ್ಕೆ ಬರುವುದು ಸಂಶೋಧನೆಯ ದೃಷ್ಟಿಯಿಂದ ಅಪಾಯಕರ.

ಮೀಸಲಾತಿಯ ನಂತರವೂ ಹೊರಗಿನ ಅಭ್ಯರ್ಥಿಗಳ ಪರಂಪರೆ ಮುಂದುವರಿಯಿತು. 2009 ಮತ್ತು 2014ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದವರು, ಹಿಂದೆ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾಗಿದ್ದ ನಿವೃತ್ತ ನ್ಯಾಯಮೂರ್ತಿ ಎನ್. ವೈ. ಹನುಮಂತಪ್ಪ. 2009ರಲ್ಲಿ ಅವರು ಶ್ರೀರಾಮುಲು ಅವರ ಸಹೋದರಿ ಜೆ. ಶಾಂತಾ ಅವರಿಗೆ ಕೂದಲೆಳೆಯ ಅಂತರದಲ್ಲಿ ಸೋತರು. 2011ರಲ್ಲಿ ಭಾಜಪದಿಂದ ಹೊರಬಂದು ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿದ್ದ ಶ್ರೀರಾಮುಲು ಅವರು 2014ರ ವೇಳೆಗೆ ಮಾತೃಪಕ್ಷಕ್ಕೆ ಮರಳಿ, ಹನುಮಂತಪ್ಪನವರ ವಿರುದ್ಧ 85,144 ಮತಗಳಿಂದ ಗೆದ್ದರು.

2018ರಲ್ಲಿ ಶ್ರೀರಾಮುಲು ವಿಧಾನಸಭೆಗೆ ಆಯ್ಕೆಯಾದುದರಿಂದ ಬಳ್ಳಾರಿ ಎರಡನೆಯ ಸಲ ಉಪಚುನಾವಣೆಯನ್ನು ಕಂಡಿತು. ಆ ನವೆಂಬರಿನಲ್ಲಿ ಕಾಂಗ್ರೆಸ್–ಜನತಾದಳ ಮೈತ್ರಿಯ ಅಭ್ಯರ್ಥಿ, ತುಮಕೂರು ಜಿಲ್ಲೆಯ ಮೂಲದ ವಿ. ಎಸ್. ಉಗ್ರಪ್ಪನವರು ಜೆ. ಶಾಂತಾ ಅವರನ್ನು 2,43,161 ಮತಗಳ ಭಾರೀ ಅಂತರದಿಂದ ಸೋಲಿಸಿದರು. ಆರು ತಿಂಗಳು ಕಳೆಯುವುದರೊಳಗೆ ನಡೆದ 2019ರ ಸಾರ್ವತ್ರಿಕ ಚುನಾವಣೆಯಲ್ಲಿ ಅದೇ ಉಗ್ರಪ್ಪನವರು ವೈ. ದೇವೇಂದ್ರಪ್ಪನವರೆದುರು 55,707 ಮತಗಳಿಂದ ಸೋತರು. ಅರ್ಧ ವರ್ಷದಲ್ಲಿ ಅಂತರವು ಸುಮಾರು ಮೂರು ಲಕ್ಷ ಮತಗಳಷ್ಟು ತಿರುಗಿತು. ಎರಡು ಸಂದರ್ಭಗಳಲ್ಲಿಯೂ ಗಡಿ ಒಂದೇ, ಮೀಸಲಾತಿ ಒಂದೇ, ಕಾಂಗ್ರೆಸ್ ಅಭ್ಯರ್ಥಿಯೂ ಒಬ್ಬರೇ. ಭದ್ರಕೋಟೆಯ ಕಲ್ಪನೆಯನ್ನು ಪ್ರಶ್ನಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ರಾಜ್ಯದಲ್ಲಿ ಭಾಜಪವು 25 ಸ್ಥಾನಗಳನ್ನು ಬಾಚಿಕೊಂಡ ಆ ವರ್ಷ ಅದಕ್ಕೆ ಬಳ್ಳಾರಿಯಲ್ಲಿ ದೊರೆತ ಅಂತರವು 1999ರಲ್ಲಿ ಕಾಂಗ್ರೆಸ್ಸಿಗೆ ದೊರೆತ 56,100ಕ್ಕೆ ಬಹುತೇಕ ಸಮನಾಗಿದ್ದುದೂ ಗಮನಾರ್ಹ.

2024ರಲ್ಲಿ ಸಂಡೂರಿನಿಂದ ನಾಲ್ಕು ಸಲ ಶಾಸಕರಾಗಿದ್ದ ಇ. ತುಕಾರಾಂ ಅವರು ಶ್ರೀರಾಮುಲು ಅವರನ್ನು 98,992 ಮತಗಳಿಂದ ಸೋಲಿಸಿದರು. ರಾಜ್ಯದಲ್ಲಿ ಕಾಂಗ್ರೆಸ್ 9 ಸ್ಥಾನಗಳಿಗೆ ಸೀಮಿತವಾದರೂ ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಈ ಐದೂ ಕ್ಷೇತ್ರಗಳು ಅದಕ್ಕೆ ಒಲಿದವು. ಹೈದರಾಬಾದ್ ಸಂಸ್ಥಾನದಿಂದ ಬಂದ ಜಿಲ್ಲೆಗಳಿಗಾಗಿ ರೂಪುಗೊಂಡ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನದಲ್ಲಿ, ಮದರಾಸಿನಿಂದ ಬಂದ ಬಳ್ಳಾರಿಯೂ ಸೇರಿಕೊಂಡಿತ್ತು. 1800ರಲ್ಲಿ ನಿಜಾಮನ ರಾಜ್ಯದಿಂದ ಬೇರ್ಪಟ್ಟ ಪ್ರದೇಶವು ಎರಡು ಶತಮಾನಗಳ ನಂತರ ಕಲ್ಯಾಣ ಕರ್ನಾಟಕವೆಂಬ ಹೆಸರಿನಡಿ ಅದೇ ನೆರೆಹೊರೆಯೊಡನೆ ಮತ್ತೆ ಗುರುತಿಸಿಕೊಂಡಿತು. 2024ರ ಫಲಿತಾಂಶವನ್ನು ಹಳೆಯ ಕೋಟೆಯ ಮರುವಶವೆಂದು ಓದುವುದಕ್ಕಿಂತ, ಈ ಹೊಸ ಪ್ರಾದೇಶಿಕ ಗುರುತಿನ ಹಿನ್ನೆಲೆಯಲ್ಲಿ ಓದುವುದು ಹೆಚ್ಚು ಫಲಪ್ರದವಾಗಬಹುದು.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಹೊರಬೀಳುತ್ತವೆ. ಮೊದಲನೆಯದಾಗಿ, ಬಳ್ಳಾರಿಯ ದೀರ್ಘಕಾಲದ ಕಾಂಗ್ರೆಸ್ ಒಲವು ಬಹುಪಾಲು ರಾಜ್ಯದ ಒಲವಿನ ಪ್ರತಿಫಲನವಾಗಿತ್ತು. ಕ್ಷೇತ್ರದ ಸ್ವಂತ ನಡೆ ಕಾಣಿಸಿಕೊಳ್ಳುವುದು 1996, 1998, 2009, 2018 ಮತ್ತು 2024ರಂತಹ ಚುನಾವಣೆಗಳಲ್ಲಿ. ಎರಡನೆಯದಾಗಿ, ಹೆಸರು ಸ್ಥಿರವಾಗಿದ್ದರೂ ಕ್ಷೇತ್ರದ ರಾಜ್ಯ, ಗಡಿ ಮತ್ತು ಮೀಸಲಾತಿಯ ಸ್ವರೂಪ ಬದಲಾಗುತ್ತಲೇ ಬಂದಿವೆ. ಮೂರನೆಯದಾಗಿ, 'ಸುರಕ್ಷಿತ ಕ್ಷೇತ್ರ'ವೆಂಬ ಕೀರ್ತಿಯು ಬಳ್ಳಾರಿಗೆ ದೊಡ್ಡ ಹೆಸರುಗಳನ್ನು ತಂದುಕೊಟ್ಟಿತಾದರೂ, ತನ್ನ ನಡುವೆಯೇ ಇರುವ ಪ್ರತಿನಿಧಿಯನ್ನು ಪಡೆಯುವ ಮತದಾರನ ಹಕ್ಕನ್ನು ಹಲವು ಸಲ ಹಿಂದಕ್ಕೆ ತಳ್ಳಿತು.

ಮತಗಟ್ಟೆವಾರು ಅಂಕಿಗಳು, ತಾಲ್ಲೂಕು ಮಟ್ಟದ ಪತ್ರಿಕೆಗಳು, ಕನ್ನಡ ಮತ್ತು ತೆಲುಗು ಎರಡೂ ಭಾಷೆಗಳ ಪ್ರಚಾರ ಸಾಮಗ್ರಿ ಹಾಗೂ ಹಿರಿಯ ಮತದಾರರ ಮೌಖಿಕ ಹೇಳಿಕೆಗಳನ್ನು ಒಟ್ಟುಗೂಡಿಸಿದರೆ ಈ ಚರಿತ್ರೆ ಇನ್ನಷ್ಟು ಪುಷ್ಟಿಗೊಳ್ಳುವುದರಲ್ಲಿ ಸಂದೇಹವಿಲ್ಲ. ಅದರಲ್ಲಿಯೂ 1952ರಲ್ಲಿ ಮದರಾಸಿನ ಮತದಾರರಾಗಿ ಮೊದಲ ಸಲ ಮತ ಹಾಕಿದವರ ನೆನಪುಗಳನ್ನು ದಾಖಲಿಸುವ ಕಾಲ ಕೈಮೀರುತ್ತಿದೆ. ಆ ಕೆಲಸ ತುರ್ತಾಗಿ ಆಗಬೇಕಾದುದು.